ಸಭೆ 5:30ಕ್ಕೆ, ಹಾಡು 7ಕ್ಕೆ: ನನ್ನ ಈಮೇಲ್ ಪತ್ರದ ದಿನಚರಿ

ಜೂನ್, ಮೊದಲ ವಾರ

ಹಗಲು ನಾನು ಡಿಟಿಪಿಯವನು. ಮೈಸೂರಿನ ಶಿವರಾಂಪೇಟೆಯ ಒಂದು ಪುಟ್ಟ ಮುದ್ರಣಾಲಯದಲ್ಲಿ ಆಹ್ವಾನ ಪತ್ರಿಕೆ ಜೋಡಿಸುತ್ತೇನೆ. ರಂಗಾಯಣದಲ್ಲೋ ಕಲಾಮಂದಿರದಲ್ಲೋ ವೀಣೆ ಶೇಷಣ್ಣ ಭವನದಲ್ಲೋ ಏನಾದರೂ ಇದ್ದೇ ಇರುವ ಊರಿದು. ಆದರೂ ಸೋಮವಾರ ಟೀ ಅಂಗಡಿಯಲ್ಲಿ ಯಾರಾದರೊಬ್ಬರು "ಅಯ್ಯೋ, ಗೊತ್ತೇ ಆಗಲಿಲ್ಲ ನೋಡಿ" ಅನ್ನದ ವಾರವಿಲ್ಲ. ಹಾಗಾಗಿ ಗುರುವಾರ ಬೆಳಗ್ಗೆ ಒಂದು ಈಮೇಲ್ ಕಳಿಸೋಣ ಅಂತ: ಶುಕ್ರ, ಶನಿ, ಭಾನು, ಎಲ್ಲಿ ಏನು.

ವಾಟ್ಸಾಪ್ ಗುಂಪು ಯಾಕಲ್ಲ ಅಂತ ಕೇಳದವರಿಲ್ಲ. ಗುಂಪಿನಲ್ಲಿ ನಾನು ಪಟ್ಟಿ ಹಾಕಿದ ಹತ್ತು ನಿಮಿಷಕ್ಕೆ ಅದರ ಮೇಲೆ ನಲವತ್ತು ಶುಭೋದಯ ಬಂದು ಕೂರುತ್ತವೆ, ಅದಕ್ಕೆ.

ಬಂಡವಾಳ 5,000 ರೂಪಾಯಿ. ಅದು ಕರಗಿದ ದಿನ ಅಂಗಡಿ ಬಂದ್, ಇದು ಮನೆಯಲ್ಲಿ ಆಗಿರುವ ಒಪ್ಪಂದ.

ಜೂನ್, ಮೂರನೇ ವಾರ

ಈಮೇಲ್ ಪತ್ರ ಕಳಿಸಿಕೊಡುವ ಸಬ್‌ಸ್ಟ್ಯಾಕ್ ಜಾಲತಾಣ ಸುಲಭ, ಕಳಿಸುವುದಕ್ಕೆ ಕಾಸಿಲ್ಲ. ಚಂದಾ ಶುರು ಮಾಡಿದರೆ ಮಾತ್ರ 10% ಅವರಿಗೆ. ನನಗೆ ಪಟ್ಟಿಯೂ ಯಂತ್ರವೂ ನನ್ನ ಕೈಯಲ್ಲೇ ಇರಬೇಕು ಅನ್ನುವ ಹಟ. ಷೇರು ದಲ್ಲಾಳಿ ಕಂಪನಿ ಜೆರೋಧಾದ ಕೈಲಾಶ್ ನಾಧ್ ಬರೆದು ಮುಕ್ತವಾಗಿ ಬಿಟ್ಟಿರುವ, ಈಮೇಲ್ ಪಟ್ಟಿ ನೋಡಿಕೊಳ್ಳುವ ಲಿಸ್ಟ್‌ಮಾಂಕ್ ತಂತ್ರಾಂಶವನ್ನು ಮನೆಯ ಹಳೇ ಲ್ಯಾಪ್‌ಟಾಪಿಗೆ ಹಾಕಿದೆ. ಅಂಚೆಯವನ ಕೆಲಸ ಅಮೆಜಾನ್ ಎಸ್‌ಇಎಸ್‌ಗೆ: ಸಾವಿರ ಈಮೇಲ್‌ಗೆ 10 ಸೆಂಟ್. ಡೊಮೇನಿಗೆ, ಅಂದರೆ ಅಂತರ್ಜಾಲದಲ್ಲಿ ನನ್ನದೇ ಹೆಸರಿಗೆ, 700 ರೂಪಾಯಿ ಹೋಯಿತು.

ಪತ್ರ ನಿಜಕ್ಕೂ ನನ್ನದೇ ಅಂತ ತೋರಿಸುವ ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಅನ್ನುವ ಮೂರು ಸಾಲುಗಳನ್ನು ಡೊಮೇನಿಗೆ ಸೇರಿಸಲು ಎರಡು ರಾತ್ರಿ ಬೇಕಾದವು. ಮೊದಲನೆಯದು ಈ ಹೆಸರಿನಲ್ಲಿ ಯಾರು ಯಾರು ಕಳಿಸಬಹುದು ಅಂತ ಹೇಳುತ್ತದೆ, ಎರಡನೆಯದು ಲಕೋಟೆಯ ಮೊಹರು, ಮೂರನೆಯದು ಮೊಹರು ಒಡೆದಿದ್ದರೆ ಏನು ಮಾಡಬೇಕು ಅನ್ನುವ ಅಪ್ಪಣೆ. ದಿನಕ್ಕೆ 5,000ಕ್ಕಿಂತ ಹೆಚ್ಚು ಕಳಿಸುವವರಿಗೆ ಮೂರೂ ಇರಲೇಬೇಕು ಅಂತ ಜಿಮೇಲ್ 2024ರ ಫೆಬ್ರುವರಿಯಿಂದ ಕಟ್ಟುನಿಟ್ಟು ಮಾಡಿದೆ. ನಾನು ಕಳಿಸಿದ್ದು 23. ಆದರೂ ಮಾಡಿದೆ.

ಜೂನ್, ಕೊನೆ

ಪತ್ರದ ಕೊನೆಯಲ್ಲಿ "ಬೇಡವಾದರೆ ಇಲ್ಲಿ ಒತ್ತಿ" ಅಂತ ಒಂದು ಕೊಂಡಿ ಇರುತ್ತದೆ. ಅದನ್ನು ಒತ್ತಿದರೆ ನನ್ನ ಲ್ಯಾಪ್‌ಟಾಪ್ ಎದ್ದಿದ್ದು ಉತ್ತರ ಕೊಡಬೇಕು. ಭಾನುವಾರ ಅಮ್ಮ ಇಸ್ತ್ರಿ ಪೆಟ್ಟಿಗೆಗೆ ಜಾಗ ಬೇಕು ಅಂತ ಪ್ಲಗ್ ಕಿತ್ತಿದ್ದಾರೆ. ಅದೇ ಹೊತ್ತಿಗೆ ಒಬ್ಬ ಹಿರಿಯರು ನಾಲ್ಕು ಸಲ ಒತ್ತಿ, ಏನೂ ಆಗದೆ, ನಂಬರ್ ಹುಡುಕಿ ಫೋನ್ ಮಾಡಿದರು. "ಬಿಡಿಸ್ಕೊಳ್ಳೋಕೂ ಬಿಡಲ್ವೇನಪ್ಪ?" ಮಾತಾಡಿ ಮಾತಾಡಿ ಕೊನೆಗೆ ಉಳಿದುಕೊಂಡರು ಅನ್ನಿ. ಮರುದಿನವೇ ತಿಂಗಳಿಗೆ 400 ರೂಪಾಯಿಯ ಸಣ್ಣ ಸರ್ವರ್ ಬಾಡಿಗೆಗೆ ಹಿಡಿದೆ.

ಜುಲೈ

ಈ ತಿಂಗಳೆಲ್ಲ ವಿಳಾಸದ ಬೇಟೆ. ಈಮೇಲ್ ಎಲ್ಲರಿಗೂ ಇದೆ, ಯಾರಿಗೂ ನೆನಪಿಲ್ಲ. ಬ್ಯಾಂಕಿಗೆ ಬೇಕು ಅಂತ ಮಗನೋ ಮೊಮ್ಮಗಳೋ ಮಾಡಿಕೊಟ್ಟದ್ದು. ಪಾಸ್‌ವರ್ಡ್ ಅವರ ಹತ್ತಿರವೇ.

ಒಂದು ಉದ್ದನೆಯ ನೋಟ್‌ಬುಕ್ ಹಿಡಿದು ರಂಗಾಯಣದ ಭೂಮಿಗೀತ ರಂಗಮಂದಿರದ ಬಾಗಿಲಲ್ಲಿ ನಿಂತೆ. ನಾಟಕ ಮುಗಿದು ಹೊರಬರುವವರಿಗೆ ಬಸ್ಸಿನ ಅವಸರ, ಬರುವವರಿಗೆ ಸೀಟಿನ ಅವಸರ. ಸಿಗುವುದು ಟೀ ಕುಡಿಯುವ ಹೊತ್ತಿನಲ್ಲಿ ಮಾತ್ರ. ಮೂರು ವಾರಾಂತ್ಯದಲ್ಲಿ ಪಟ್ಟಿ 142 ಆಯಿತು. ಬೀಗುತ್ತಾ ಕಳಿಸಿದೆ, 11 ವಾಪಸ್ ಬಂದವು. ಪುಸ್ತಕ ತೆಗೆದು ನೋಡಿದರೆ: "ಡಾಟ್ ಕಾಮ್" ಬದಲು "ಡಾಟ್ ಕಾನ್", ಒಬ್ಬರ 1 ಅನ್ನು ನಾನು 7 ಅಂತ ಓದಿದ್ದೆ, ಇನ್ನೊಬ್ಬರ ವಿಳಾಸದಲ್ಲಿ ಒಂದು ಅಕ್ಷರವೇ ಬಿಟ್ಟುಹೋಗಿತ್ತು, ಕೆಳಗೆ ಕಾಫಿ ಕಲೆ.

142ಕ್ಕೆ 11 ಅಂದರೆ 7.7%. ಎಸ್‌ಇಎಸ್‌ನಲ್ಲಿ ಹೀಗೆ ಮರಳುವ ಪತ್ರ 5% ದಾಟಿದರೆ ಖಾತೆ ಪರಿಶೀಲನೆಗೆ ಹೋಗುತ್ತದೆ, 10% ದಾಟಿದರೆ ಕಳಿಸುವುದನ್ನೇ ತಡೆಯಬಹುದು. ತಪ್ಪು ನನ್ನದೇ. ಈಗ ಪುಸ್ತಕ ಮೂಲೆಗೆ. ಕ್ಯುಆರ್ ಹಲಗೆಯೊಂದನ್ನು ನಾನೇ ಮುದ್ರಿಸಿಕೊಂಡಿದ್ದೇನೆ. ಅವರ ಫೋನಿನಲ್ಲಿ ಅವರೇ ತುಂಬಬೇಕು, ಆಮೇಲೆ ಬರುವ ಖಚಿತಪಡಿಸುವ ಪತ್ರವನ್ನೂ ಒತ್ತಬೇಕು. ಸೇರುವವರು ಅರ್ಧಕ್ಕರ್ಧ ಕಡಿಮೆಯಾದರು, ವಾಪಸ್ ಬರುವುದು ನಿಂತೇ ಹೋಯಿತು.

ವಿಳಾಸ ಬರೆದುಕೊಳ್ಳುವಾಗೆಲ್ಲ 'ಸುಧರ್ಮಾ' ನೆನಪಾಗುತ್ತಿತ್ತು. 1970ರಲ್ಲಿ ನಮ್ಮೂರಲ್ಲೇ ಶುರುವಾದ ಸಂಸ್ಕೃತ ದಿನಪತ್ರಿಕೆ, ಅಂಚೆಯಲ್ಲಿ ಚಂದಾದಾರರ ಮನೆಗೆ ಹೋಗುತ್ತಾ ಬಂದದ್ದು. ಅಂಥ ಪತ್ರಿಕೆಗೆ ಆಸ್ತಿ ಅಂದರೆ ವಿಳಾಸದ ಕಟ್ಟೇ.

ಆಗಸ್ಟ್

ಎರಡು ಸಮಸ್ಯೆ, ಎರಡೂ ಕನ್ನಡಕ್ಕೆ ಸೇರಿದ್ದು.

ಜಿಮೇಲ್ ಸುಮಾರು 102 ಕೆಬಿ ದಾಟಿದ ಪತ್ರವನ್ನು ಅರ್ಧಕ್ಕೆ ಕತ್ತರಿಸಿಬಿಡುತ್ತದೆ. ಕಂಪ್ಯೂಟರು ಅಕ್ಷರ ಇಟ್ಟುಕೊಳ್ಳುವ ಯೂನಿಕೋಡಿನ ಸಾಮಾನ್ಯ ರೂಪದಲ್ಲಿ (ಯುಟಿಎಫ್-8) ಇಂಗ್ಲಿಷಿನ ಒಂದು ಅಕ್ಷರಕ್ಕೆ 1 ಬೈಟ್ ಸಾಕು, ಕನ್ನಡದ ಪ್ರತಿ ಬಿಡಿ ಚಿಹ್ನೆಗೆ 3 ಬೇಕು. ಲಕ್ಷ್ಮೀಪುರಂ ಅನ್ನುವಾಗಿನ "ಕ್ಷ್ಮೀ" ನಮ್ಮ ಕಣ್ಣಿಗೆ ಒಂದೇ ಅಕ್ಷರ. ಒಳಗೆ ಮಾತ್ರ ಕ, ವಿರಾಮ (ಒತ್ತಕ್ಷರ ಕೂಡಿಸುವ ಚಿಹ್ನೆ), ಷ, ವಿರಾಮ, ಮ, ದೀರ್ಘ ಈಕಾರ: 6 ತುಂಡು, 18 ಬೈಟ್. ಇಷ್ಟೇ ಆಗಿದ್ದರೆ ಹತ್ತಿಪ್ಪತ್ತು ಕಾರ್ಯಕ್ರಮದ ಪಟ್ಟಿ ಸಲೀಸಾಗಿ ಹಿಡಿಸುತ್ತಿತ್ತು. ಆದರೆ ನಾನು ಮುದ್ರಣಾಲಯದಲ್ಲಿ 'ನುಡಿ' ತಂತ್ರಾಂಶದಲ್ಲಿ ಮಾಡಿದ ಕಡತವನ್ನು ಯೂನಿಕೋಡಿಗೆ ತಿರುಗಿಸಿ, ವರ್ಡ್‌ನಿಂದ ಎತ್ತಿ ಹಾಗೇ ಅಂಟಿಸಿದ್ದೆ. ಪದಪದಕ್ಕೂ ಫಾಂಟು, ಅಳತೆ, ಬಣ್ಣದ ಕಸ ಜೊತೆಗೇ ಬಂದಿತ್ತು. ಭಾನುವಾರದ ಕಾರ್ಯಕ್ರಮಗಳು ಓದುಗರಿಗೆ ಕಾಣಲೇ ಇಲ್ಲ. ಈಗ ಮೊದಲು ನೋಟ್‌ಪ್ಯಾಡಿಗೆ ಸುರಿದು, ತೊಳೆದು, ಆಮೇಲೆ ಪತ್ರಕ್ಕೆ.

ಇನ್ನೊಂದು, ಶೀರ್ಷಿಕೆ. "ಈ ವಾರ ಮೈಸೂರಿನಲ್ಲಿ ನಡೆಯಲಿರುವ ಸಾಂಸ್ಕೃತಿಕ ಕಾರ್ಯಕ್ರಮಗಳು" ಅಂತ ಗಂಭೀರವಾಗಿ ಬರೆಯುತ್ತಿದ್ದೆ. ಫೋನಿನಲ್ಲಿ ಕಾಣುತ್ತಿದ್ದದ್ದು "ಈ ವಾರ ಮೈಸೂರಿನಲ್ಲಿ ನಡೆಯಲಿ…" ಅಷ್ಟೇ, ಪ್ರತಿ ವಾರವೂ ಅದೇ. ಈಗ "ಶನಿ ವೀಣೆ, ಭಾನು ನಾಟಕ".

ಸೆಪ್ಟೆಂಬರ್

ಇಷ್ಟು ದಿನ ನಾನು ಮಾರುತ್ತಿರುವುದು ಪಟ್ಟಿ ಅಂದುಕೊಂಡಿದ್ದೆ. ಒಂದು ಗುರುವಾರ ಬೇಸರದಲ್ಲಿ ಒಂದು ಸಾಲು ಸೇರಿಸಿದೆ: "ಪತ್ರಿಕೆಯಲ್ಲಿ 5:30 ಅಂತಿದೆ. ವೇದಿಕೆಗೆ ಒಂಬತ್ತು ಜನ ಗಣ್ಯರು. ಹಾಡು 7ಕ್ಕೆ ಮುಂಚೆ ಶುರುವಾಗದು." ಆಹ್ವಾನ ಪತ್ರಿಕೆ ಜೋಡಿಸಿದವನು ನಾನೇ, ಉದ್ಘಾಟನೆ, ಅಧ್ಯಕ್ಷತೆ, ಘನ ಉಪಸ್ಥಿತಿ, ಪ್ರಾಸ್ತಾವಿಕ ನುಡಿ, ಎಲ್ಲಕ್ಕೂ ಗಾತ್ರ ಕೊಟ್ಟ ಮೇಲೆ ಗಾಯಕರ ಹೆಸರಿಗೆ ಉಳಿದದ್ದು ಎಷ್ಟು ಜಾಗ ಅಂತ ನನಗೆ ಗೊತ್ತು. ಆ ವಾರ 19 ಉತ್ತರ ಬಂದವು. ಅಲ್ಲಿಯವರೆಗೆ ಒಟ್ಟು ಬಂದಿದ್ದು ನಾಲ್ಕು.

ಅಂದಿನಿಂದ ಪ್ರತಿ ಕಾರ್ಯಕ್ರಮಕ್ಕೂ ಎರಡು ಸಮಯ: ಅವರದ್ದು, ನನ್ನದು. ಮಂಡಿ ನೋವಿನವರಿಗೆ ಎಷ್ಟು ಮೆಟ್ಟಿಲು, ಸ್ಕೂಟರ್ ಎಲ್ಲಿ ನಿಲ್ಲಿಸಬಹುದು, ಇಷ್ಟನ್ನೂ ಸೇರಿಸಿದೆ. ವಿ.ವಿ. ಮೊಹಲ್ಲಾದ 8ನೇ ಕ್ರಾಸ್ ಗಣಪತಿ ಸಂಗೀತ ಕಛೇರಿಗಳು ಶುರುವಾದಾಗ ಮಳೆ ಬಂದರೆ ಎಲ್ಲಿ ಕೂತರೆ ನೆನೆಯುವುದಿಲ್ಲ ಅಂತಲೂ ಬರೆದೆ. ಪಟ್ಟಿ 300 ದಾಟಿತು.

ಧೈರ್ಯ ಮಾಡಿ ವರ್ಷಕ್ಕೆ 200 ರೂಪಾಯಿ, ಇಷ್ಟವಿದ್ದವರು ಕೊಡಿ ಅಂದೆ. ಪೇಮೆಂಟ್ ಗೇಟ್‌ವೇ ಬೇಡವೆಂದು ಯುಪಿಐ ಕ್ಯುಆರ್ ಹಾಕಿದೆ, ಕಮಿಷನ್ ಇಲ್ಲ. 17 ಜನ ಕೊಟ್ಟರು, 3,400. ಯಾರು ಕೊಟ್ಟರು ಅನ್ನುವುದೇ ಈಗ ಒಗಟು: ಈಮೇಲ್ ಗಂಡನದು, ದುಡ್ಡು ಹೆಂಡತಿಯ ಫೋನಿಂದ. ಕಾಫಿಪುಡಿ ಅಂಗಡಿಯವರು ಒಂದು ಸಾಲಿನ ಜಾಹೀರಾತಿಗೆ 500 ಕೊಟ್ಟರು, ಜೊತೆಗೆ ಕಾಲು ಕೆಜಿ ಪುಡಿ.

ಖರ್ಚು ಇಲ್ಲಿಯವರೆಗೆ 2,000ದ ಒಳಗೇ ಇದೆ. ಅಂಚೆ ಖರ್ಚು ಲೆಕ್ಕಕ್ಕೇ ಸಿಗುವುದಿಲ್ಲ. ಆದರೆ ವಾರಕ್ಕೆ ಆರು ಗಂಟೆಯ ನನ್ನ ಟೈಪಿಂಗಿಗೆ ಮುದ್ರಣಾಲಯದ ದರ ಹಾಕಿದರೆ ದಿವಾಳಿ, ಅದನ್ನು ಮನೆಯಲ್ಲಿ ಹೇಳಿಲ್ಲ.

ಮುಂದೆ ದಸರಾ. ಅರಮನೆ, ಕಲಾಮಂದಿರ, ಜಗನ್ಮೋಹನ, ಪುರಭವನ, ಎಲ್ಲ ಕಡೆ ಒಂದೇ ಸಂಜೆ. ವಾರದ ಪತ್ರ ಸಾಲದು, ಹತ್ತು ದಿನ ದಿನಕ್ಕೊಂದು ಕಳಿಸಬೇಕು. 300 ಜನಕ್ಕೆ ಹತ್ತು ಪತ್ರ, ಎಸ್‌ಇಎಸ್‌ಗೆ 30 ಸೆಂಟ್. ಮುದ್ರಣಾಲಯಕ್ಕೂ ಆ ಹತ್ತು ದಿನವೇ ಸೀಸನ್. ಬೆಳಗ್ಗೆ ಐದಕ್ಕೆ ಎದ್ದು ಟೈಪ್ ಮಾಡಲು ತಂಗಿ ಮಗನನ್ನು ಕೇಳಿದ್ದೇನೆ. ದಿನಕ್ಕೆ 100 ರೂಪಾಯಿ ಕೇಳುತ್ತಿದ್ದಾನೆ. 70ಕ್ಕೆ ಚೌಕಾಸಿ ನಡೆದಿದೆ.