ತೊಂಬತ್ತು ಪರ್ಸೆಂಟ್ ಆಗಿದೆ ಸರ್

ಆರು ವಾರ ನಮ್ಮ ಪ್ರಾಜೆಕ್ಟ್ ಶೀಟಿನಲ್ಲಿ ಒಂದೇ ಅಂಕಿ ಇತ್ತು: 90%.

ಚಿಕ್ಕಬಳ್ಳಾಪುರದಲ್ಲಿ ನಾವು ಐದು ಜನ ಹಾಲಿನ ಸೊಸೈಟಿಗಳಿಗೆ ಸಾಫ್ಟ್‌ವೇರ್ ಮಾಡುತ್ತಿದ್ದೆವು. ಹಾಲಿನ ಫ್ಯಾಟ್, ಎಸ್‌ಎನ್‌ಎಫ್ (ಫ್ಯಾಟ್ ಬಿಟ್ಟು ಉಳಿದ ಘನಾಂಶ) ನೋಡಿ ದರ ಹಾಕಿ ಚೀಟಿ ಕೊಡುವ ಕೆಲಸ. ಪ್ರತಿ ಸೋಮವಾರ "ಎಷ್ಟಾಯ್ತು?" ಅಂತ ಕೇಳುತ್ತಿದ್ದೆ. ಒಬ್ಬೊಬ್ಬರೂ ಒಂದು ಪರ್ಸೆಂಟ್ ಹೇಳುತ್ತಿದ್ದರು. ಸರಾಸರಿ ತೆಗೆದು ಗ್ರಾಫ್ ಹಾಕುತ್ತಿದ್ದೆ. ಎರಡು ತಿಂಗಳು ಗೆರೆ ಚೆನ್ನಾಗಿ ಏರಿತು. ಆಮೇಲೆ ಮಲಗಿಬಿಟ್ಟಿತು.

ಅಮೆರಿಕದ ಸಂಶೋಧನಾ ಸಂಸ್ಥೆ ಬೆಲ್ ಲ್ಯಾಬ್ಸ್‌ನ ಪ್ರೋಗ್ರಾಮರ್ ಟಾಮ್ ಕಾರ್ಗಿಲ್ 1980ರ ದಶಕದಲ್ಲೇ ಇದನ್ನು ತಮಾಷೆ ಮಾಡಿದ್ದರು: ಮೊದಲ 90% ಕೋಡಿಗೆ 90% ಸಮಯ ಬೇಕು, ಉಳಿದ 10%ಗೆ ಇನ್ನೊಂದು 90%. ಓದಿ ನಕ್ಕಿದ್ದೆ. ಕಾರಣ ಹೊಳೆದದ್ದು ಮಾತ್ರ ಶಿಡ್ಲಘಟ್ಟದ ಹತ್ತಿರ, ನಮ್ಮ ಮನೆಯ ಹುಳು ಮನೆಯಲ್ಲಿ.

ರೇಷ್ಮೆ ಹುಳು ನಾಲ್ಕನೇ ಜ್ವರದಿಂದ ಎದ್ದಿದ್ದವು. (ಪೊರೆ ಬಿಡೋದಕ್ಕೆ ನಮ್ಮ ಕಡೆ ಜ್ವರ ಅಂತಾರೆ.) "ಇನ್ನೊಂದು ವಾರ ಅಷ್ಟೇ, ಮುಗಿದ ಹಾಗೇ ಅಲ್ವಾ?" ಅಂದೆ. ಅಮ್ಮ ನಕ್ಕಳು. "ಇನ್ನೆಲ್ಲಿ ಮುಗೀತಪ್ಪ, ಸೊಪ್ಪು ಕಡಿಯೋದು ಈಗ ಶುರು."

ಹುಳು ಜೀವಮಾನದಲ್ಲಿ ತಿನ್ನುವ ಸೊಪ್ಪಿನಲ್ಲಿ 80%ಗೂ ಜಾಸ್ತಿ ಈ ಕೊನೆಯ ಏಳೆಂಟು ದಿನದಲ್ಲೇ ಹೋಗುತ್ತದೆ. ದಿನದ ಲೆಕ್ಕದಲ್ಲಿ ಮುಕ್ಕಾಲು ಆಗಿದೆ, ಸೊಪ್ಪಿನ ಲೆಕ್ಕದಲ್ಲಿ ಕಾಲು ಭಾಗವೂ ಆಗಿಲ್ಲ!

ನಾವು ಅಳೆಯುತ್ತಿದ್ದದ್ದು ಬರೆದ ಕೋಡನ್ನು. ಸೊಪ್ಪು ತಿನ್ನುತ್ತಿದ್ದದ್ದು ಬೇರೆ. ಕರೆಂಟ್ ಹೋದಾಗ ಅರ್ಧ ಬಂದ ಚೀಟಿ ಏನಾಗಬೇಕು? ದರ ನಡುವೆ ಬದಲಾದರೆ ಹಳೇ ಹಾಲಿಗೆ ಯಾವ ದರ? ತೂಕದ ಯಂತ್ರ ಸುಮ್ನೆ ಸೊನ್ನೆ ಕಳಿಸಿದರೆ?

ಪರ್ಸೆಂಟ್ ಕೇಳುವುದನ್ನೇ ಬಿಟ್ಟೆ. ಒಂದು ಕೆಲಸ ಆಗಿದೆ, ಇಲ್ಲ ಆಗಿಲ್ಲ. ಆಗಿದೆ ಅಂದರೆ ಒಂದು ಸೊಸೈಟಿಯ ಕಾರ್ಯದರ್ಶಿ ಬೆಳಗ್ಗೆ, ಸಂಜೆ ಎರಡೂ ಹೊತ್ತು ಅದನ್ನು ಬಳಸಿ ನೋಡಿರಬೇಕು. ಮೊದಲ ದಿನ ಎಣಿಸಿದರೆ 64ರಲ್ಲಿ 23. ತೊಂಬತ್ತು ಹೋಗಿ ಮೂವತ್ತಾರಾಯಿತು. ಆ ಸಂಜೆ ಯಾರೂ ಟೀಗೆ ಹೋಗಲಿಲ್ಲ.

ಆಮೇಲೆ ವಾರಕ್ಕೆ ಎರಡೇ ಅಂಕಿ ಬರೆದೆ: ಎಷ್ಟು ಮುಗಿಯಿತು, ಎಷ್ಟು ಹೊಸದು ಸೇರಿತು. ಸುಮಾರು ಏಳು ಮುಗಿಯುತ್ತಿತ್ತು, ಮೂರು ಸೇರುತ್ತಿತ್ತು. ಉಳಿದ 41ನ್ನು ಏಳರಿಂದ ಭಾಗಿಸಿದರೆ ಆರು ವಾರ. ನಿಜವಾಗಿ ಕಡಿಮೆಯಾಗುವುದು ನಾಲ್ಕೇ, ಹಾಗಾಗಿ ಹತ್ತು. ನನ್ನ ದೊಡ್ಡ ಮಾಡೆಲ್ ಇಷ್ಟೇ.

ಕ್ಲೈಂಟ್‌ಗೆ ಹತ್ತು ವಾರ ಅಂದು ಬೈಸಿಕೊಂಡೆ. ಹನ್ನೊಂದಾಯಿತು. ಆ ಒಂದು ವಾರವನ್ನು ಪೂರ್ತಿ ತಿಂದದ್ದು ಚೀಟಿ ಪ್ರಿಂಟರ್.