ಹದಿಮೂರು ಹೆಜ್ಜೆ

ಇವತ್ತೆಲ್ಲಾ ಅಮೆರಿಕದ ಓಟಗಾರ ಎಡ್ವಿನ್ ಮೋಸೆಸ್ ಅವರದೇ ಗುಂಗು. 400 ಮೀಟರ್ ಹರ್ಡಲ್ಸ್‌ನಲ್ಲಿ, ಅಂದರೆ ಅಡೆತಡೆ ಹಾರುತ್ತಾ ಓಡುವ ಓಟದಲ್ಲಿ, ಒಂದು ಹರ್ಡಲ್‌ನಿಂದ ಮುಂದಿನದಕ್ಕೆ 35 ಮೀಟರ್. ಆ ಕಾಲದಲ್ಲಿ ಹೆಚ್ಚಿನವರು ಕೊನೆಕೊನೆಗೆ ಸುಸ್ತಾಗಿ ಹೆಜ್ಜೆ ಜಾಸ್ತಿ ಹಾಕುತ್ತಿದ್ದರು. ಇವರು ಮಾತ್ರ ಮೊದಲಿನಿಂದ ಕೊನೆವರೆಗೂ ಹದಿಮೂರೇ ಹೆಜ್ಜೆ! ಕಾಲು ಸೋತಾಗಲೂ ಅಳತೆ ತಪ್ಪಬಾರದು ಅಂದರೆ ಸುಮ್ನೆ ಮಾತಲ್ಲ.

ಓದಿದ್ದು ಭೌತಶಾಸ್ತ್ರ. ಕಾಲೇಜಿನಲ್ಲಿ ಓಡಲು ಸರಿಯಾದ ಟ್ರ್ಯಾಕೇ ಇರಲಿಲ್ಲ. ಆದರೂ 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ 47.63 ಸೆಕೆಂಡಿನ ವಿಶ್ವ ದಾಖಲೆಯೊಂದಿಗೆ ಚಿನ್ನ. 1977ರಿಂದ 1987ರವರೆಗೆ ಸತತ 122 ಓಟ ಗೆದ್ದರು. ಮ್ಯಾಡ್ರಿಡ್‌ನಲ್ಲಿ ಡ್ಯಾನಿ ಹ್ಯಾರಿಸ್ ಎಂಬ ಓಟಗಾರ ಆ ಸರಣಿ ಮುರಿದರು. ನನಗೆ ಅದಕ್ಕಿಂತ ಇಷ್ಟವಾಗುವುದು ಅದೇ ವರ್ಷದ ರೋಮ್ ವಿಶ್ವ ಚಾಂಪಿಯನ್‌ಷಿಪ್. ಅಲ್ಲಿ ಮೋಸೆಸ್ ಅದೇ ಹ್ಯಾರಿಸ್ ಅವರನ್ನು ಬರೀ 0.02 ಸೆಕೆಂಡಿನಿಂದ ಹಿಂದೆ ಹಾಕಿದರು. ಹತ್ತು ವರ್ಷ ಸೋಲೇ ಕಾಣದವರಿಗೆ ಸೋತ ಮೇಲೆ ಮತ್ತೆ ಸಾಲಿನಲ್ಲಿ ನಿಲ್ಲೋದು ಎಷ್ಟು ಕಷ್ಟ ಅಲ್ವಾ?

1984ರ ಒಲಿಂಪಿಕ್ಸ್‌ನಲ್ಲಿ ಮತ್ತೊಂದು ಚಿನ್ನ, 1988ರಲ್ಲಿ ಕಂಚು. ಅದಕ್ಕೂ ಮೊದಲು 1980ರ ಮಾಸ್ಕೋ ಒಲಿಂಪಿಕ್ಸ್ ಅನ್ನು ಅಮೆರಿಕ ಬಹಿಷ್ಕರಿಸಿತು. ಅಷ್ಟು ಒಳ್ಳೆಯ ಫಾರ್ಮ್‌ನಲ್ಲಿದ್ದವರಿಗೆ ಓಡುವ ಅವಕಾಶವೇ ಸಿಗಲಿಲ್ಲ. ಅದನ್ನು ನೆನೆದರೆ ಈಗಲೂ ಬೇಜಾರಾಗುತ್ತದೆ.