ಎಷ್ಟು ದೊಡ್ಡ ಲೇಬಲ್ ಮಷಿನ್ ಹಾಕೋದು ಅಂತ ಕೇಳೋರಿಗೆಲ್ಲ

ಹೋದ ತಿಂಗಳು ಮೂಡುಬಿದಿರೆಯಲ್ಲಿ ಒಂದು ಮದುವೆ. ಬಾಳೆ ಎಲೆಗೆ ಉಪ್ಪು, ಉಪ್ಪಿನಕಾಯಿ ಬಿದ್ದಿತ್ತು ಅಷ್ಟೇ, ಅನ್ನ ಇನ್ನೂ ಬಂದಿಲ್ಲ, ಪಕ್ಕದಲ್ಲಿ ಕೂತವ್ರು ನಾನು ಲೇಬಲ್ ಕೆಲಸದವ ಅಂತ ಯಾರಿಂದಲೋ ತಿಳ್ಕೊಂಡು ಶುರು ಮಾಡಿದ್ರು, "ನಮ್ಮ ಹುಡುಗ ಒಂದು ಲೇಬಲ್ ಯುನಿಟ್ ಹಾಕ್ತೇನೆ ಅಂತಿದ್ದಾನೆ, ಎಷ್ಟು ದೊಡ್ಡ ಮಷಿನ್ ತಗೊಂಡ್ರೆ ಒಳ್ಳೇದು ಮಾರಾಯ್ರೆ?" ವಾರಕ್ಕೆ ಒಬ್ರಾದ್ರೂ ಕೇಳ್ತಾರೆ ಇದನ್ನ, ಫೋನಲ್ಲಿ, ವಾಟ್ಸಾಪಲ್ಲಿ ಕೊಟೇಷನ್ ಕಳಿಸಿ, ಕೆಲವ್ರು ಸೀದಾ ಮಂಗಳೂರಿನ ಬೈಕಂಪಾಡಿಗೆ ನಮ್ಮ ಶೆಡ್ಡಿಗೇ ಬಂದು. ಹೇಳಿದ್ದನ್ನೇ ಹೇಳಿ ಹೇಳಿ ಸಾಕಾಗಿದೆ, ಹಾಗಾಗಿ ಒಮ್ಮೆ ಬರ್ದು ಹಾಕ್ತೇನೆ, ಇನ್ನು ಕೇಳಿದವ್ರಿಗೆ ಇದನ್ನೇ ಕಳಿಸಿದ್ರಾಯ್ತು.

ಗೊತ್ತಿಲ್ಲದವ್ರಿಗೆ ಮೊದ್ಲು ಎರಡು ಮಾತು. ಸ್ಟಿಕ್ಕರ್ ಲೇಬಲ್ ಅಂದ್ರೆ ಮೂರು ಪದರ, ಮೇಲೆ ಪೇಪರೋ ಪ್ಲಾಸ್ಟಿಕ್ಕೋ, ಮಧ್ಯ ಗಮ್, ಕೆಳಗೆ ಸಿಲಿಕಾನ್ ಹಚ್ಚಿದ ಲೈನರ್. ಅಮೆರಿಕದ ಸ್ಟ್ಯಾಂಟನ್ ಏವರಿ 1935ರಲ್ಲಿ ಶುರು ಮಾಡಿದ ಕೆಲಸ ಇದು. ನಮಗೆ ಈ ಮಾಲು ಒಂದು ಮೀಟರ್ ಅಗಲದ ಜಂಬೋ ರೋಲಲ್ಲಿ ಬರ್ತದೆ. ಅದನ್ನ ಬೇಕಾದ ಅಗಲಕ್ಕೆ ಸೀಳೋದು, ಬೇಕಾದ್ರೆ ಪ್ರಿಂಟ್ ಮಾಡೋದು, ಡೈ, ಅಂದ್ರೆ ಅಚ್ಚಿನ ಬ್ಲೇಡ್, ಹಾಕಿ ಲೇಬಲ್ ಆಕಾರಕ್ಕೆ ಕಟ್ ಮಾಡೋದು, ಸುತ್ತ ಉಳಿದ ಬಲೆ ಹಾಗಿನ ವೇಸ್ಟನ್ನ ಎಳ್ದು ಬೇರೆ ಸುತ್ತೋದು, ಕೊನೆಗೆ ಚಿಕ್ಕ ರೋಲ್ ಮಾಡೋದು, ಇಷ್ಟಕ್ಕೂ ಒಟ್ಟಿಗೆ ಕನ್ವರ್ಟಿಂಗ್ ಅಂತ ಹೆಸ್ರು. ಎಲ್ಲ ಬೇರೆ ಬೇರೆ ಚಿಕ್ಕ ಮಷಿನಲ್ಲಿ ಮಾಡ್ಬಹುದು, ಇಲ್ಲ ಒಂದೇ ಉದ್ದದ ಮಷಿನಿಗೆ ಈ ಕಡೆಯಿಂದ ರೋಲ್ ಹಾಕಿ ಆ ಕಡೆ ರೆಡಿ ಲೇಬಲ್ ತೆಗೀಬಹುದು. ಮಂಡೆಬಿಸಿ ಶುರುವಾಗೋದೇ ಇಲ್ಲಿ.

ಕೇಳೋರಲ್ಲಿ ಎರಡು ಜಾತಿ ಉಂಟು. ಒಂದು, ಸ್ವಂತ ಫ್ಯಾಕ್ಟರಿಗೆ ಲೇಬಲ್ ಬೇಕಾದವ್ರು. ಗೇರುಬೀಜದವ್ರು, ಐಸ್‌ಕ್ರೀಮಿನವ್ರು, ಮಲ್ಪೆ ಕಡೆ ಮೀನು ಫ್ರೀಜ್ ಮಾಡಿ ಕಳಿಸೋರು, "ವರ್ಷಕ್ಕೆ ಇಷ್ಟು ಲೇಬಲಿಗೆ ಹಾಕ್ತೇವೆ, ನಾವೇ ಮಷಿನ್ ಹಾಕಿದ್ರೆ ಆಗೂದಿಲ್ವಾ" ಅಂತ. ಆಗೂದಿಲ್ಲ ಅಂತಲ್ಲ, ಬೇಡ. ನನ್ನ ಗಿರಾಕಿ ತಪ್ಪಿ ಹೋಗ್ತಾನೆ ಅಂತ ಹೇಳೋದಲ್ಲ ಇದು. ಕಂಪನಿ ಹೆಸ್ರು, ಬಣ್ಣ ಎಲ್ಲ ಪ್ರಿಂಟ್ ಆದ ಲೇಬಲ್ ನಮ್ಮಂಥವ್ರ ಹತ್ರ ತಗೊಳ್ಳಿ, ಬ್ಯಾಚು, ತಾರೀಕು, ಎಂಆರ್‌ಪಿ ಮಾತ್ರ ನಿಮ್ಮಲ್ಲೇ ರಿಬ್ಬನ್ ಬಿಸಿ ಮಾಡಿ ಅಚ್ಚೊತ್ತೋ ಒಂದು ಥರ್ಮಲ್ ಟ್ರಾನ್ಸ್‌ಫರ್ ಪ್ರಿಂಟರಲ್ಲಿ ಹೊಡೀರಿ, ಮುಗೀತು. ಮೀನಿನವ್ರಿಗೆ ಮಾತ್ರ ಒಂದು ಮಾತು ಜಾಸ್ತಿ, ಸಾದಾ ಕ್ರೋಮೋ (ನುಣುಪು) ಪೇಪರಿಗೆ ವ್ಯಾಕ್ಸ್, ಅಂದ್ರೆ ಮೇಣದ, ರಿಬ್ಬನ್ ಹಾಕಿದ್ರೆ ಮೈನಸ್ 18 ಡಿಗ್ರಿಯ ಕೋಲ್ಡ್ ಸ್ಟೋರೇಜಿಂದ ಹೊರಗೆ ಬಂದು ನೀರು ಬೆವರಿದ ಬಾಕ್ಸಿನ ಮೇಲೆ ಕೈ ಉಜ್ಜಿದ್ರೆ ತಾರೀಕೇ ಹೋಗ್ತದೆ, ಪಿಪಿ ಅನ್ನೋ ಪ್ಲಾಸ್ಟಿಕ್ಕಿನ ಲೇಬಲ್, ರೆಸಿನ್ ರಿಬ್ಬನ್, ಫ್ರೀಜರ್ ಗಮ್ ಕೇಳಿ ತಗೊಳ್ಳಿ, ಆದಷ್ಟು ಬಾಕ್ಸ್ ಒಳಗೆ ಹೋಗುವ ಮೊದ್ಲೇ ಅಂಟಿಸಿ.

ಇನ್ನೊಂದು ಜಾತಿ, ಇದನ್ನೇ ಬಿಸ್ನೆಸ್ ಮಾಡ್ತೇವೆ ಅನ್ನೋರು. ಅವ್ರದ್ದು ಎಲ್ರದ್ದೂ ಒಂದೇ ತಪ್ಪು, ನಂದೂ ಅದೇ ಆಗಿತ್ತು, ಬ್ರೋಷರಲ್ಲಿ ಮೊದ್ಲು ನೋಡೋದು ಸ್ಪೀಡು. ಇದು ನಿಮಿಷಕ್ಕೆ 40 ಮೀಟರ್, ಅದು 120 ಮೀಟರ್, ಮೂರು ಪಾಲು ಜಾಸ್ತಿ ಕೆಲಸ, ಹಾಗಾದ್ರೆ ಅದೇ ತಗೊಳ್ಳುವ ಅಂತ. ಒಂದು ಲೆಕ್ಕ ಹೇಳ್ತೇನೆ ಕೇಳಿ, ಚೂರು ಬೋರ್ ಆದ್ರೂ ಬಿಡ್ಬೇಡಿ.

ಅಂಗಡಿ ಬಾರ್‌ಕೋಡಿಗೆ ಬಳಸೋ 50 ಬೈ 25 ಎಂಎಂ ಲೇಬಲ್ ಹಿಡೀರಿ. 96 ಹಲ್ಲಿನ ಮ್ಯಾಗ್ನೆಟಿಕ್ ಸಿಲಿಂಡರ್ (ಡೈ ತಗಡನ್ನ ಅಯಸ್ಕಾಂತದಲ್ಲಿ ಹಿಡ್ಕೊಂಡು ತಿರುಗೋ ಉರುಳೆ), ಒಂದು ಹಲ್ಲಿಗೆ 3.175 ಎಂಎಂ ಲೆಕ್ಕದಲ್ಲಿ ಅದು ಒಂದು ಸುತ್ತು ತಿರುಗಿದ್ರೆ 304.8 ಎಂಎಂ. ಅದ್ರಲ್ಲಿ 11 ಲೇಬಲ್ ಕೂರ್ತದೆ, ನಡುವೆ 2.7 ಎಂಎಂ ಗ್ಯಾಪ್. ಅಡ್ಡಕ್ಕೆ ನಾಲ್ಕು ಲೇಬಲ್, ಮಧ್ಯ ಎರಡೆರಡು ಎಂಎಂ, ಬದಿಗೆ ಎರಡೆರಡು, ಒಟ್ಟು 210 ಎಂಎಂ ಅಗಲ. ಅಂದ್ರೆ ಒಂದು ಸುತ್ತಿಗೆ 44 ಲೇಬಲ್. ಒಂದು ಲಕ್ಷ ಲೇಬಲಿನ ಆರ್ಡರ್ ಬಂತು ಅಂದ್ರೆ ಓಡ್ಬೇಕಾದ ಉದ್ದ ಬರೇ 693 ಮೀಟರ್. 40 ಮೀಟರ್ ಸ್ಪೀಡಲ್ಲಿ 17 ನಿಮಿಷ ಚಿಲ್ರೆ. 120 ಸ್ಪೀಡಲ್ಲಿ ಆರು ನಿಮಿಷ. ಉಳಿದದ್ದು ಎಷ್ಟು, ಹನ್ನೊಂದೂವರೆ ನಿಮಿಷ! ಆದ್ರೆ ಡೈ ಬದಲಾಯಿಸಿ, ರೋಲ್ ಏರಿಸಿ, ಪ್ರೆಷರ್ ಸರಿ ಮಾಡಿ, ವೇಸ್ಟ್ ಎಳ್ದು ಕಟ್ಟಿ, ಮೊದಲ ಒಳ್ಳೆ ಮೀಟರ್ ಬರ್ಲಿಕ್ಕೆ ನಮ್ಮಲ್ಲಿ ಮುಕ್ಕಾಲು ಗಂಟೆ ಆಗ್ತದೆ. ಆ ಮುಕ್ಕಾಲು ಗಂಟೆ ಎರಡೂ ಮಷಿನಿಗೂ ಒಂದೇ. ಹಾಗಾಗಿ ಒಂದು ಕೆಲಸಕ್ಕೆ ಸಣ್ಣದ್ರಲ್ಲಿ 62 ನಿಮಿಷ, ದೊಡ್ಡದ್ರಲ್ಲಿ 51. ಈ ಹನ್ನೊಂದು ನಿಮಿಷಕ್ಕೆ ನೀವು ಎಷ್ಟು ಲಕ್ಷದ ಇಎಂಐ ಕಟ್ತೀರಿ ಅಂತ ನೋಡ್ಕೊಳ್ಳಿ. ಆರ್ಡರ್ ಒಂದು ಲಕ್ಷ ಅಲ್ಲ, ಇಪ್ಪತ್ತು ಲಕ್ಷ ಅಂತಾದ್ರೆ ಮಾತು ಬೇರೆ, ಆಗ ಸಣ್ಣ ಮಷಿನ್ ಆರು ಗಂಟೆ ಹತ್ರ ಓಡ್ಬೇಕು, ದೊಡ್ಡದು ಎರಡು ಗಂಟೆ ಒಳಗೆ ಮುಗಿಸ್ತದೆ, ಅಂಥ ಗಿರಾಕಿ ನಾಲ್ಕು ಜನ ಇದ್ರೆ ಖಂಡಿತ ತಗೊಳ್ಳಿ. ನಮ್ಮೂರಲ್ಲಿ ಬರೋದು ಹಾಗಲ್ಲ. ತೆಂಗಿನೆಣ್ಣೆ ಬಾಟ್ಲಿಗೆ ಐದು ಸಾವಿರ, ಹಲಸಿನ ಹಪ್ಪಳಕ್ಕೆ ಎರಡು ಸಾವಿರ, ಪುನರ್ಪುಳಿ ಜ್ಯೂಸಿಗೆ ಮೂರು ಸಾವಿರ "ಮೊದ್ಲು ಇಷ್ಟು ಮಾಡಿ ಕೊಡಿ ನೋಡುವ".

ನಾನು ಈ ಲೆಕ್ಕ ಕಲ್ತದ್ದು ಕಾಸು ಕಟ್ಟಿ. ಯೆಯ್ಯಾಡಿಯಲ್ಲಿ ರೋಲ್ ಸೀಳೋ ಒಂದು ಸ್ಲಿಟ್ಟರ್ ಇಟ್ಕೊಂಡು ಚೆನ್ನಾಗಿಯೇ ನಡೀತಿತ್ತು, 2014ರಲ್ಲಿ ಒಬ್ಬ ಬ್ರೋಕರ್ ಒಂದು ಸೆಕೆಂಡ್ ಹ್ಯಾಂಡ್ ಫ್ಲೆಕ್ಸೋ, ಅಂದ್ರೆ ಮೆತ್ತನೆ ಪ್ಲೇಟಲ್ಲಿ ಪ್ರಿಂಟ್ ಹೊಡಿಯೋ ಮಷಿನ್, ತೋರಿಸಿದ, ಆರು ಬಣ್ಣ, 430 ಎಂಎಂ ಅಗಲ, ಹೊಸತರ ಕಾಲು ಭಾಗ ರೇಟು. ಎಂತ ಮಷಿನ್ ಸಾ, ನೋಡ್ಲಿಕ್ಕೆ ಬಸ್ಸಿನ ಹಾಗೆ. ನಮಗೆ ಬರ್ತಿದ್ದ ಕೆಲಸ ಹೆಚ್ಚೆಲ್ಲ ಎರಡು ಬಣ್ಣದ್ದು. ಸೆಟ್ ಮಾಡುವಾಗ ನೂರು ಮೀಟರ್ ಮಾಲು ಹಾಳಾಗ್ತದೆ ಅಂತ ಇಟ್ಕೊಳ್ಳಿ, 250 ಎಂಎಂ ಅಗಲದಲ್ಲಿ ಅದು 25 ಚದರ ಮೀಟರ್, 430ರಲ್ಲಿ 43. "ಅಗಲ ಮಷಿನಲ್ಲಿ ಸಣ್ಣ ರೋಲ್ ಓಡಿಸ್ಬಹುದಲ್ವಾ" ಅಂತ ಕೇಳ್ತೀರಿ, ಓಡಿಸ್ಬಹುದು, ನಾನೂ ಓಡ್ಸಿದೆ, ಆದ್ರೆ ತೊಳೀಬೇಕಾದ, ಇಂಕು ಹಚ್ಚೋ ಅನಿಲಾಕ್ಸ್ ರೋಲರ್ 430ರದ್ದೇ, ಮ್ಯಾಗ್ನೆಟಿಕ್ ಸಿಲಿಂಡರ್ ತಗೊಳ್ಳೋದೂ 430ರದ್ದೇ, ಬ್ಯಾಂಕಿಗೆ ಕಟ್ಟೋದೂ 430ರದ್ದೇ. ಮತ್ತೆ ಶೆಡ್ಡಿನ ನೆಲ. ಮುರಕಲ್ಲು, ಮಣ್ಣು ತುಂಬಿಸಿ ಮೇಲೆ ತೆಳು ಕಾಂಕ್ರೀಟ್ ಹಾಕಿದ ನೆಲ, ಮೊದಲ ಮಳೆಗಾಲಕ್ಕೇ ಒಂದು ಮೂಲೆ ಚೂರು ಕೂತಿತು. ಮಷಿನ್ ಲೆವೆಲ್ ತಪ್ಪಿದ್ರೆ ಪೇಪರ್ ಒಂದು ಬದಿಗೆ ಜಾರ್ತದೆ, ಬಣ್ಣದ ಮೇಲೆ ಬಣ್ಣ ಕೂರೋದಿಲ್ಲ. ಮೂರು ವರ್ಷ ಗುದ್ದಾಡಿ ತಗೊಂಡದ್ದರ ಅರ್ಧಕ್ಕೆ ಕೊಟ್ಟೆ. ಈಗ ಬೈಕಂಪಾಡಿಯಲ್ಲಿ ನೆಲ ಅಗ್ದು ಸರಿ ಮಾಡಿಯೇ 250 ಎಂಎಂನ ನಾಲ್ಕು ಬಣ್ಣದ್ದು ಕೂರ್ಸಿದ್ದು.

ಹಾಗಾದ್ರೆ ಎಲ್ಲಿಂದ ಶುರು ಮಾಡೋದು. ನನ್ನ ಪ್ರಕಾರ ಸೀಳಿ ಸುತ್ತೋ ಸ್ಲಿಟ್ಟರ್ ರಿವೈಂಡರ್, ಅದ್ರಲ್ಲೇ ಒಂದು ಡೈ ಸ್ಟೇಷನ್ ಇರೋದು ಸಿಕ್ರೆ ಇನ್ನೂ ಒಳ್ಳೇದು, ಪ್ರಿಂಟ್ ಇಲ್ಲದ ಪ್ಲೇನ್ ಬಾರ್‌ಕೋಡ್ ಲೇಬಲ್ ಮಾಡಿಯೇ ಒಂದೆರಡು ವರ್ಷ ಗಿರಾಕಿ ಹಿಡ್ಕೊಳ್ಳಿ. ತಿರುಗೋ ರೋಟರಿ ಡೈ ತಗೊಳ್ಳುವಾಗ ಒಂದು ಮರೀಬೇಡಿ, ಮಷಿನ್ ರೇಟು ಬರೇ ಮಷಿನಿಂದು, ಹಲ್ಲಿನ ಲೆಕ್ಕಕ್ಕೆ ಒಂದೊಂದು ಮ್ಯಾಗ್ನೆಟಿಕ್ ಸಿಲಿಂಡರ್ ಬೇರೆ, ಪ್ರತಿ ಸೈಜಿಗೆ ಅದ್ರ ಮೇಲೆ ಕೂರೋ ತಗಡಿನ ಫ್ಲೆಕ್ಸಿಬಲ್ ಡೈ ಬೇರೆ. ತಿಂಗಳಿಗೆ ಇಪ್ಪತ್ತು ಬಗೆ ಸೈಜು, ಎಲ್ಲ ಸಣ್ಣ ಸಣ್ಣ ಆರ್ಡರ್ ಅಂತಾದ್ರೆ ಚಪ್ಪಟೆ ಡೈಯನ್ನ ಒತ್ತಿ ಕಡಿಯೋ ಫ್ಲಾಟ್‌ಬೆಡ್ ಡೈ ಕಟ್ಟಿಂಗ್ ಕೆಟ್ಟದ್ದೇನಲ್ಲ, ನಿಧಾನ ಹೌದು, ಆದ್ರೆ ಡೈ ಅಗ್ಗ, ಸಿಲಿಂಡರಿನ ರಗಳೆ ಇಲ್ಲ. ಇದನ್ನ ಹೇಳಿದ್ರೆ ಹುಡುಗ್ರ ಮುಖ ಸಣ್ಣ ಆಗ್ತದೆ, ಹಳೇ ಕಾಲದ್ದು ಅಂತ. ಪಿಎಂಇಜಿಪಿ ಅನ್ನೋ ಕೇಂದ್ರ ಸರ್ಕಾರದ ಸಬ್ಸಿಡಿ ಸಾಲದ ಸ್ಕೀಮಲ್ಲಿ ಉತ್ಪಾದನಾ ಯುನಿಟ್ಟಿಗೆ 50 ಲಕ್ಷದವರೆಗೆ ಪ್ರಾಜೆಕ್ಟ್ ಹಾಕ್ಬಹುದು ಅಂತ ಗೊತ್ತಾದ ಕೂಡ್ಲೇ ಇವ್ರ ಕೊಟೇಷನ್ ಎಲ್ಲ ಅದು ಹೇಗೋ 49 ಲಕ್ಷಕ್ಕೇ ಬಂದು ನಿಲ್ತದೆ!

ಕೊನೆಯ ಕೆಲಸ, ರೋಲ್ ಸುತ್ತೋದು, ಅದನ್ನ ಯಾರೂ ಕೇಳೋದೇ ಇಲ್ಲ. ಅಂಗಡಿಯ ಮೇಜಿನ ಮೇಲಿನ ಸಣ್ಣ ಪ್ರಿಂಟರಿಗೆ ಒಂದು ಇಂಚಿನ ಕೋರ್ (ರೋಲ್ ಸುತ್ತೋ ರಟ್ಟಿನ ಕೊಳವೆ), ಐದು ಇಂಚಿಗಿಂತ ದಪ್ಪ ರೋಲ್ ಹಿಡಿಯೋದಿಲ್ಲ. ಫ್ಯಾಕ್ಟರಿ ಪ್ರಿಂಟರಿಗೆ ಮೂರು ಇಂಚಿನ ಕೋರ್, ಎಂಟು ಇಂಚಿನವರೆಗೆ ರೋಲ್. ಆ 50 ಬೈ 25ರದ್ದೇ ಎರಡು ಸಾಲಿನ 2000 ಲೇಬಲ್ ರೋಲ್ ಅಂದ್ರೆ 28 ಮೀಟರ್ ಹತ್ರ. 80 ಮೀಟರ್ ಸ್ಪೀಡಲ್ಲಿ ಅದು ಸುತ್ತಿ ಮುಗೀಲಿಕ್ಕೆ 21 ಸೆಕೆಂಡ್, ಕಟ್ ಮಾಡಿ, ತುದಿ ಅಂಟಿಸಿ, ರೋಲ್ ತೆಗ್ದು, ಹೊಸ ಕೋರ್ ಹಾಕ್ಲಿಕ್ಕೆ ನಮ್ಮ ಸರೋಜಕ್ಕನಿಗೆ 40 ಸೆಕೆಂಡ್, ಬೇರೆಯವ್ರಿಗೆ ಒಂದು ನಿಮಿಷ. ಹಿಂದಿನ ಮಷಿನ್ ಎಷ್ಟು ಓಡಿದ್ರೆ ಎಂತ, ಮಾಲು ಹೊರಗೆ ಹೋಗೋದು ಸರೋಜಕ್ಕನ ಸ್ಪೀಡಲ್ಲೇ. ಪ್ರಿಂಟಿಂಗ್ ಮಷಿನಿಗೆ ಇಡೋ ದುಡ್ಡಲ್ಲಿ ಸ್ವಲ್ಪ ತೆಗ್ದು ಇನ್ನೊಂದು ರಿವೈಂಡರ್ ತಗೊಳ್ಳಿ ಅಂತ ಹೇಳಿ ಹೇಳಿ ನನ್ನ ಗಂಟಲು ಹರೀತು.

ಡೆಮೋಗೆ ಹೋದಾಗ ಒಂದು ಕೆಲಸ ಮಾಡಿ, ಜೇಬಲ್ಲಿ ಒಂದು ಕಪ್ಪು ಮಾರ್ಕರ್ ಪೆನ್ ಇಟ್ಕೊಂಡು ಹೋಗಿ. ಡೈ ಕಟ್ ಆದ ಲೇಬಲ್ ಎಲ್ಲ ಕಿತ್ತು ಖಾಲಿ ಲೈನರ್ ಮೇಲೆ ಮಾರ್ಕರ್ ಉಜ್ಜಿ, ತಿರುಗಿಸಿ ಬೆಳಕಿಗೆ ಹಿಡೀರಿ. ಮುಂದುಗಡೆ ತೆಳು ಗೆರೆ ಕಂಡ್ರೆ ತೊಂದ್ರೆ ಇಲ್ಲ. ಇಂಕು ಹಿಂದಕ್ಕೆ ಇಳ್ದು ಗೆರೆ ಮೂಡಿದ್ರೆ ಡೈ ಲೈನರನ್ನೂ ಕಡ್ದಿದೆ ಅಂತ ಅರ್ಥ. ಲೈನರ್ ತಲೆಕೂದಲಷ್ಟು ದಪ್ಪವೂ ಇಲ್ಲ ಹೆಚ್ಚುಕಡಿಮೆ, ಮೇಲಿನ ಪದರ ಪೂರ್ತಿ ಕಡೀಬೇಕು, ಲೈನರನ್ನ ಕಡೀಬಾರ್ದು. ಒಂದು ಐಸ್‌ಕ್ರೀಮ್ ಫ್ಯಾಕ್ಟರಿಗೆ ಒಮ್ಮೆ ನಾವು ಹಾಗೆ ಕಡ್ದ ರೋಲ್ ಕಳಿಸಿ ಬಿಟ್ಟಿದ್ದೆವು, ಕೈಯಲ್ಲಿ ಅಂಟಿಸೋರಿಗಾದ್ರೆ ಗೊತ್ತೇ ಆಗ್ತಿರ್ಲಿಲ್ಲ, ಅವ್ರದ್ದು ಆಟೋಮ್ಯಾಟಿಕ್ ಅಪ್ಲಿಕೇಟರ್, ಎಳೆಯುವ ರಭಸಕ್ಕೆ ಹತ್ತು ಹತ್ತು ಮೀಟರಿಗೆ ಲೈನರ್ ತುಂಡಾಗಿ ಲೈನ್ ನಿಲ್ತಾ ಇತ್ತು, ಏಪ್ರಿಲ್ ತಿಂಗಳು, ಬೆಳಿಗ್ಗೆ ಐದು ಗಂಟೆಗೆ ಫೋನ್. ಆ ಬೊಬ್ಬೆ ಈಗಲೂ ಕಿವಿಯಲ್ಲುಂಟು.

ಮಳೆ ವಿಷಯ ಹೇಳದೆ ಇದ್ರೆ ಇದು ಕರಾವಳಿಯವ ಬರೆದದ್ದು ಅಂತ ಯಾರು ನಂಬ್ತಾರೆ. ಆಟಿ ತಿಂಗಳಲ್ಲಿ ಲೈನರ್ ಪೇಪರ್ ಗಾಳಿಯ ನೀರು ಹೀರಿ ಸುರುಟ್ತದೆ, ಬೆಳಿಗ್ಗೆ ಸರಿ ಮಾಡಿದ ಡೈ ಪ್ರೆಷರ್ ಮಧ್ಯಾಹ್ನಕ್ಕೆ ಸರಿ ಇರೋದಿಲ್ಲ. ರೋಲಿನ ಪ್ಲಾಸ್ಟಿಕ್ ಬಿಚ್ಚೋದು ಬೇಕಾದಾಗ ಮಾತ್ರ, ರೋಲ್ ಇಡ್ಲಿಕ್ಕೆ ಒಂದು ಎಸಿ ರೂಮು ಇರ್ಲೇಬೇಕು, ಅದೂ ಮಷಿನ್ ಖರ್ಚೇ ಅಂತ ಬರ್ಕೊಳ್ಳಿ. ನೀರಿನ ಇಂಕು ಆಗ ಒಣಗೋದು ನಿಧಾನ, ಯುವಿ ಇಂಕಿಗೆ ಆ ತೊಂದ್ರೆ ಇಲ್ಲ, ದೀಪದಡಿ ಹೋದ ಕೂಡ್ಲೇ ಗಟ್ಟಿ, ಆದ್ರೆ ಕರೆಂಟ್ ಲೋಡ್ ಜಾಸ್ತಿ. ಫ್ಲೆಕ್ಸೋ ಪ್ಲೇಟ್ ನಮಗೆ ಬೆಂಗಳೂರಿಂದ ರಾತ್ರಿ ಬಸ್ಸಲ್ಲಿ ಬರೋದು, ಶಿರಾಡಿ ಘಾಟಿಯಲ್ಲಿ ಗುಡ್ಡ ಜಾರಿದ್ರೆ ಗಿರಾಕಿಗೆ ಅದನ್ನೇ ಹೇಳೋದು, ಅವ್ರೂ ಇಲ್ಲಿಯವ್ರೇ, ಅರ್ಥ ಆಗ್ತದೆ. 1843ರಲ್ಲಿ ಮಂಗಳೂರ ಸಮಾಚಾರ ಅಚ್ಚು ಹಾಕಿದ ಊರಿಗೆ ಇವತ್ತು ಪ್ಲೇಟಿಗೆ ಬಸ್ಸು ಕಾಯುವ ಗತಿ, ಇರ್ಲಿ ಬಿಡಿ. ಡಿಜಿಟಲ್ ಪ್ರಿಂಟಿಂಗಿಗೆ ಪ್ಲೇಟೇ ಬೇಡ, ಐನೂರೋ ಸಾವಿರವೋ ಲೇಬಲಿನ ಕೆಲಸಕ್ಕೆ ಅದೇ ಸರಿ, ಆದ್ರೆ ಒಂದೊಂದು ಲೇಬಲಿಗೆ ಇಂಕಿನ ಖರ್ಚು ಇಳಿಯೋದಿಲ್ಲ, ಆರ್ಡರ್ ದೊಡ್ಡದಾದ ಹಾಗೆ ಫ್ಲೆಕ್ಸೋನೇ ಅಗ್ಗ.

ಹಾಗಾಗಿ ಈಗ ಕೊಟೇಷನ್ ಹಿಡ್ಕೊಂಡು ಬಂದವ್ರಿಗೆ ನಾನು ಹೇಳೋದು ಒಂದೇ, ಅದನ್ನ ಒಳಗಿಡಿ, ಬಿಲ್ ಬುಕ್ ತನ್ನಿ. ಇನ್ನೂ ಶುರು ಮಾಡದವ್ರು ಯಾರಿಗೆ ಮಾರ್ತೀರಿ ಅಂತ ಇಪ್ಪತ್ತು ಗಿರಾಕಿಗಳ ಹೆಸ್ರು, ಲೇಬಲ್ ಸೈಜು, ತಿಂಗಳಿಗೆ ಎಷ್ಟು ಅಂತ ಬರ್ಕೊಂಡು ಬನ್ನಿ. ಹೋದ ವಾರ ಕಾರ್ಕಳ ಕಡೆಯ ಒಬ್ಬ ಹುಡುಗ ಬಂದಿದ್ದ, ಬೇರೆಯವ್ರ ಹತ್ರ ಲೇಬಲ್ ಮಾಡಿಸಿ ಮಾರೋನು, ಈಗ ಸ್ವಂತ ಮಾಡ್ಬೇಕು ಅಂತ, ಕೈಯಲ್ಲಿ 330 ಎಂಎಂ ಎಂಟು ಬಣ್ಣದ ಫ್ಲೆಕ್ಸೋ ಕೊಟೇಷನ್. ಚಾ ಕುಡೀತಾ ಮೂರು ತಿಂಗಳ ಬಿಲ್ ಕೂತು ಎಣಿಸಿದೆವು. ಒಟ್ಟು 118 ಬಿಲ್, ಅದ್ರಲ್ಲಿ 83 ಪ್ಲೇನ್ ಬಾರ್‌ಕೋಡ್ ಲೇಬಲ್, ಬಣ್ಣದ್ದು 35, ಎಂಟು ಬಣ್ಣ ಬಿಡಿ, ನಾಲ್ಕು ಬಣ್ಣ ದಾಟಿದ್ದು ಒಂದೇ ಒಂದು, ಅದೂ ಅವನ ಮಾವನ ಅಂಗಡಿದ್ದು. ಪ್ಲೇನ್‌ನಲ್ಲಿ ಐದೇ ಸೈಜು. ಐದು ಸೈಜು ಅಂದ್ರೆ ಎರಡು ಸಿಲಿಂಡರಲ್ಲಿ ಕೂರ್ಸ್ಬಹುದು, ನಾನೇ ಹಲ್ಲು ಲೆಕ್ಕ ಹಾಕಿ ಕೊಟ್ಟೆ. ಸುಮಾರು ಹೊತ್ತು ಮಾತಾಡ್ಲೇ ಇಲ್ಲ ಅವ, ಮತ್ತೆ "ಬಣ್ಣದ್ದು ನಿಮ್ಮಲ್ಲೇ ಮಾಡ್ಸಿದ್ರೆ ರೇಟ್ ಎಷ್ಟು ಹಾಕ್ತೀರಿ" ಅಂತ ಕೇಳಿದ. ಡೈ ಸ್ಟೇಷನ್ ಇರೋ ಸ್ಲಿಟ್ಟರಿಗೆ ಅಡ್ವಾನ್ಸ್ ಕೊಟ್ಟಿದ್ದಾನಂತೆ, ಶೆಡ್ಡಿಗೆ ಮಾಡು ಹಾಕ್ಲಿಕ್ಕೆ ಮಳೆ ನಿಲ್ಲೋದು ಕಾಯ್ತಾ ಇದ್ದಾನೆ.